ಹಾರ ಹಾಕಿಕೊಂಡ ಟ್ರಕ್ಕು

ರೇವಣಪ್ಪನವರು ಮೊದಲ ಸಲ ಅಮೆರಿಕದ ಪಿಕಪ್ ಟ್ರಕ್ಕೊಂದರ ಕೆಳಗೆ ಅಂಗಾತ ಮಲಗಿ ನೋಡಿದಾಗ ಅದು ಅವರಿಗೆ ಹೊಸದೆನಿಸಲೇ ಇಲ್ಲ. ಎಂಬತ್ತರ ದಶಕದ ಕೊನೆ. ಡೆಟ್ರಾಯಿಟ್‌ನಲ್ಲಿ ಎಂ.ಎಸ್. ಮುಗಿಸಿ, ಟ್ರಕ್ಕು ತಯಾರಿಸುವ ಕಂಪನಿಯೊಂದಕ್ಕೆ ಸೇರಿ ವಾರವೂ ಆಗಿರಲಿಲ್ಲ. ಜೊತೆಯ ಹೊಸಬರೆಲ್ಲ ಬಾನೆಟ್ ಎತ್ತಿ ಎಂಜಿನ್ ನೋಡುತ್ತಿದ್ದರೆ ಇವರು ನೆಲಕ್ಕೆ ರಟ್ಟು ಹಾಸಿಕೊಂಡು ಕೆಳಗೆ ತೂರಿದರು. ಎರಡು ಉದ್ದನೆಯ ಉಕ್ಕಿನ ತೊಲೆ, ನಡುವೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡಪಟ್ಟಿಗಳು. ಆ ಏಣಿಯ ಮೇಲೆ ಮುಂದೆ ಕ್ಯಾಬಿನ್, ಹಿಂದೆ ತೆರೆದ ಪೆಟ್ಟಿಗೆ. ಹುಬ್ಬಳ್ಳಿಯಲ್ಲಿ ಅವರ ತಂದೆಯ ಶೆಡ್ಡಿಗೆ ಬರುತ್ತಿದ್ದ ಲಾರಿಗಳ ಎಲುಬಿನ ಗೂಡೂ ಇದೇ. ಕಾರ್ಖಾನೆಯಿಂದ ಬರಿಯ ಚಾಸಿ ಬರುತ್ತಿತ್ತು. ಡ್ರೈವರ್ ಅದರ ಮೇಲೊಂದು ಕಟ್ಟಿಗೆಯ ಪೆಟ್ಟಿಗೆ ಇಟ್ಟು ಕೂತು, ಮುಖಕ್ಕೆ ಟವೆಲ್ ಸುತ್ತಿಕೊಂಡು, ಪುಣೆಯಿಂದ ಗಾಳಿ ಧೂಳು ಕುಡಿಯುತ್ತ ಓಡಿಸಿಕೊಂಡು ತರುತ್ತಿದ್ದ. ತಂದೆಯ ಬಡಗಿಗಳು ಅದರ ಮೇಲೆ ಕ್ಯಾಬಿನ್ನು, ಬಾಡಿ ಕಟ್ಟುತ್ತಿದ್ದರು. ಅಮೆರಿಕದಲ್ಲಿಯೂ ಬಹಳ ಹಿಂದೆ ಹಾಗೆಯೇ ಇತ್ತಂತೆ. ರೈತರು ಬರಿಯ ಚಾಸಿ ಕೊಂಡು ಊರಿನ ಬಡಗಿಯಿಂದ ಪೆಟ್ಟಿಗೆ ಮಾಡಿಸಿಕೊಳ್ಳುತ್ತಿದ್ದರಂತೆ. ಇದನ್ನು ಓದಿದ ದಿನ ರೇವಣಪ್ಪನವರಿಗೆ ತಾನು ಬರಬೇಕಾದ ಊರಿಗೇ ಬಂದಿದ್ದೇನೆ ಎನಿಸಿತು.

ಆಗಿನ ಟ್ರಕ್ಕು ದುಡಿಯುವವರದು. ಎರಡೇ ಬಾಗಿಲು, ಮೂವರು ಒತ್ತಿಕೊಂಡು ಕೂರುವ ಒಂದೇ ಉದ್ದನೆಯ ಸೀಟು, ಕಾಲಡಿಗೆ ನೀರು ಹಾಕಿ ತೊಳೆಯಬಹುದಾದ ರಬ್ಬರು, ಕೈಯಿಂದ ತಿರುಗಿಸುವ ಗಾಜು. ಹಿಂದಿನ ಪೆಟ್ಟಿಗೆಯಲ್ಲಿ ಪ್ಲೈವುಡ್ ಹಲಗೆ ಪೂರ್ತಿ ಮಲಗುತ್ತಿತ್ತು. ಕೊಳಾಯಿ ರಿಪೇರಿಯವರು, ಛಾವಣಿ ಹೊದಿಸುವವರು, ಹುಲ್ಲಿನ ಪಿಂಡಿ ಸಾಗಿಸುವವರು ಅದನ್ನು ಕೊಳ್ಳುತ್ತಿದ್ದರು. ರೇವಣಪ್ಪನವರ ಕೆಲಸ ಪರೀಕ್ಷೆ. ಹೊಸ ಟ್ರಕ್ಕಿಗೆ ಮರಳಿನ ಚೀಲ ಹೇರುವುದು, ಕಲ್ಲುಹಾಸಿನ ಟ್ರ್ಯಾಕಿನ ಮೇಲೆ ಅದರ ಎಲುಬು ನೋಯುವಷ್ಟು ಓಡಿಸುವುದು, ಎಲ್ಲಿ ಬಿರುಕು ಬಿಟ್ಟಿತು ಎಂದು ಟಾರ್ಚು ಹಿಡಿದು ಹುಡುಕುವುದು.

ತೊಂಬತ್ತರ ದಶಕದಲ್ಲಿ ಸೀಟಿನ ಹಿಂದೆ ಮಕ್ಕಳು ಮುದುಡಿ ಕೂರುವಷ್ಟು ಜಾಗ ಬಂತು. ಆಮೇಲೆ ಅದಕ್ಕೊಂದು ಗಿಡ್ಡ ಬಾಗಿಲು. ಬಾಗಿಲು ಕೊಟ್ಟ ಮೇಲೆ ಮಕ್ಕಳ ಅಮ್ಮಂದಿರು ಶೋರೂಮಿಗೆ ಬಂದರು, ಅಮ್ಮಂದಿರು ಬಂದ ಮೇಲೆ ಕಪ್ ಇಡುವ ಜಾಗ ಬಂತು. ಹೊಸ ಶತಮಾನದಲ್ಲಿ ನಾಲ್ಕು ದೊಡ್ಡ ಬಾಗಿಲು, ಚರ್ಮದ ಸೀಟು. ಕ್ಯಾಬಿನ್ ಬೆಳೆದಷ್ಟೂ ಹಿಂದಿನ ಪೆಟ್ಟಿಗೆ ಕುಗ್ಗಿತು. ಮುಖ ಮಾತ್ರ ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತ, ಅಗಲವಾಗುತ್ತ, ಎದುರಿಗೆ ಬಂದವರನ್ನು ಗದರಿಸುವ ಹಾಗಾಯಿತು. ನಂತರ ಉಕ್ಕಿನ ಜಾಗಕ್ಕೆ ಅಲ್ಯೂಮಿನಿಯಂ, ದೊಡ್ಡ ಎಂಜಿನ್ನಿನ ಜಾಗಕ್ಕೆ ಟರ್ಬೊ ಹಾಕಿದ ಚಿಕ್ಕದು, ಗಡಿಯಾರದ ಜಾಗಕ್ಕೆ ಪರದೆ. ಈಗಂತೂ ಬ್ಯಾಟರಿಯಿಂದಲೇ ಓಡುವ, ಕರೆಂಟು ಹೋದರೆ ಮನೆಗೇ ಕರೆಂಟು ಕೊಡುವ ಟ್ರಕ್ಕು. ಶಿಕಾಗೋ ಬಳಿಯ ನೇಪರ್‌ವಿಲ್‌ನಲ್ಲಿ ಡಾಕ್ಟರಾಗಿರುವ ಮಗಳು ಮೇಧಾಳ ಬಡಾವಣೆಯಲ್ಲಿ ಮನೆಗೊಂದು ಪಿಕಪ್ ನಿಂತಿರುತ್ತದೆ. ಅದರ ಪೆಟ್ಟಿಗೆಯೊಳಗೆ ಒಂದು ಗೀರೂ ಇರುವುದಿಲ್ಲ. ಅದನ್ನು ನೋಡಿದಾಗಲೆಲ್ಲ ರೇವಣಪ್ಪನವರು, ಪಾತ್ರೆ ಕೊಂಡವರು ಅಡಿಗೆ ಮಾಡಲೇಬೇಕೆಂಬ ಕಾನೂನಿಲ್ಲವಲ್ಲ ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಡೆಟ್ರಾಯಿಟ್ ಬಳಿ ಅವರು ನೆಲೆಸಿದ್ದ ನೋವೈ ಊರಿನ ಕನ್ನಡದವರಿಗೆ ಅವರು ‘ಟ್ರಕ್ ಅಂಕಲ್’. ಕಂಪನಿಯಲ್ಲಿ ಅವರ ಸಹಿಗೆ ಒಂದು ಹೆಸರಿತ್ತು. ಪರೀಕ್ಷೆಯಲ್ಲಿ ಪಾಸೆಂದು ಅವರು ಸಹಿ ಮಾಡಿ ಕಳಿಸಿದ ಯಾವ ಟ್ರಕ್ಕನ್ನೂ ದೋಷವಿದೆಯೆಂದು ಕೊಂಡವರಿಂದ ಮರಳಿ ಕರೆಸಬೇಕಾಗಿ ಬಂದಿರಲಿಲ್ಲ. ಅವರು ಇದನ್ನು ಜಂಬವಾಗಿ ಹೇಳುತ್ತಿರಲಿಲ್ಲ. ತಮ್ಮ ಎತ್ತರ ಎಷ್ಟೆಂದು ಕೇಳಿದರೆ ಹೇಳುವ ಹಾಗೆ ಹೇಳುತ್ತಿದ್ದರು.

ಈ ಕತೆ ನಡೆದ ವರ್ಷ ಅವರಿಗೆ ಅರವತ್ತು ದಾಟಿತ್ತು. ಡಿಸೆಂಬರಿಗೆ ನಿವೃತ್ತಿ. ಅದಕ್ಕೂ ಮೊದಲು ಕೊನೆಯದಾಗಿ ಒಂದು ಹೊಸ ಟ್ರಕ್ಕಿನ ಮುಂಭಾಗಕ್ಕೆ ಅವರ ಸಹಿ ಬೀಳಬೇಕಿತ್ತು. ಆ ಮುಂಭಾಗದ ನಟ್ಟನಡುವೆ, ಕಂಪನಿಯ ದೊಡ್ಡ ಲಾಂಛನದ ಹಿಂದೆ, ಒಂದು ರೇಡಾರ್ ಅಡಗಿತ್ತು. ಎದುರಿನ ವಾಹನ ಎಷ್ಟು ದೂರವಿದೆ ಎಂದು ಅಳೆದು, ಹತ್ತಿರವಾದರೆ ತಾನೇ ವೇಗ ತಗ್ಗಿಸಿ ಬ್ರೇಕ್ ಹಾಕುವುದು ಅದರ ಕೆಲಸ. ಪರೀಕ್ಷೆಯ ಟ್ರಕ್ಕುಗಳನ್ನು ಎಂಜಿನಿಯರುಗಳು ಮನೆಗೂ ಒಯ್ದು ದಿನದ ಓಡಾಟಕ್ಕೆ ಬಳಸುವುದು ಅಲ್ಲಿಯ ರೂಢಿ. ಹಾಗೆ ಅದು ದಸರೆಯ ದಿನಗಳಲ್ಲಿ ಅವರ ಮನೆಯ ಮುಂದೆ ನಿಂತಿತ್ತು.

ನವಮಿಯ ದಿನ ಹೆಂಡತಿ ಜಯದೇವಿಯವರು ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಕೂತರೆಂದರೆ ಮನೆಯಲ್ಲಿ ತಿರುಗುವ, ಕತ್ತರಿಸುವ, ಹೊಲಿಯುವ ಯಾವ ವಸ್ತುವಿಗೂ ಬಿಡುವಿರಲಿಲ್ಲ. ಮಿಕ್ಸರ್, ಹೊಲಿಗೆ ಯಂತ್ರ, ಹುಲ್ಲು ಕತ್ತರಿಸುವ ಯಂತ್ರ, ಇನ್ನೂ ಬೀಳದ ಹಿಮಕ್ಕಾಗಿ ಕಾದಿದ್ದ ಹಿಮ ತಳ್ಳುವ ಯಂತ್ರ, ಎಲ್ಲಕ್ಕೂ ವಿಭೂತಿ, ಕುಂಕುಮ. ಗಂಡನ ಹಳೆಯ ಸ್ಪ್ಯಾನರುಗಳಿಗೆ ಒಂದು ಹೂ ಹೆಚ್ಚು. ಕೊನೆಗೆ ಹೊರಗೆ ಬಂದು ಟ್ರಕ್ಕಿನ ಮುಂದೆ ನಿಂತರು. ಇದು ನಮ್ಮದಲ್ಲ, ಕಂಪನಿಯದು ಎಂದು ರೇವಣಪ್ಪನವರು ಹೇಳಿ ನೋಡಿದರು.

“ನಮ್ಮ ಅಂಗಳದಾಗ ನಿಂತೈತ್ರಿ. ಹಬ್ಬದ ದಿನ ಬರೀ ಹಣಿಲೆ ನಿಲ್ಲಸ್ಲೇನು?”

ಭಾರತೀಯ ಅಂಗಡಿಯಿಂದ ತಂದ ಚೆಂಡುಹೂವಿನ ಹಾರ, ತೋಳಿನಷ್ಟು ದಪ್ಪ, ನಡುನಡುವೆ ಬೆಳ್ಳಿಬಣ್ಣದ ಮಿನುಗುವ ಜರಿ. ಲಾಂಛನದ ಮೇಲೆ ಚೆಂದಾಗಿ ತೂಗುವಂತೆ ಕಟ್ಟಿದರು. ರೇವಣಪ್ಪನವರು ಕೈಕಟ್ಟಿ ನಿಲ್ಲುವವರಲ್ಲ, ಪರೀಕ್ಷೆ ಮಾಡಿದರು. ದೀಪಗಳಿಗೆ ಅಡ್ಡವಿಲ್ಲ. ರೇಡಿಯೇಟರಿಗೆ ಹೋಗುವ ಗಾಳಿಗೆ ಅಡ್ಡವಿಲ್ಲ. ಮಿಶಿಗನ್‌ನಲ್ಲಿ ಮುಂದೆ ನಂಬರ್ ಪ್ಲೇಟೇ ಇಲ್ಲ. ಸರಿ, ಇರಲಿ ಎಂದರು. ಮೂವತ್ತೈದು ವರ್ಷ ಟ್ರಕ್ಕಿನ ಮುಖವೆಂದರೆ ಅವರಿಗೆ ಗಾಳಿ ಹೋಗುವ ಜಾಗ, ಬೆಳಕು ಬರುವ ಜಾಗ. ಆ ಮುಖಕ್ಕೀಗ ಕಣ್ಣೂ ಇದೆ ಎಂಬುದು, ಕಚೇರಿಯಲ್ಲಿ ದಿನವೂ ಅದರ ಬಗ್ಗೆಯೇ ಮಾತಾಡುವ ಅವರಿಗೆ, ಮನೆಯಂಗಳದಲ್ಲಿ ಹೊಳೆಯಲಿಲ್ಲ.

ಮರುದಿನ ಬನ್ನಿ ಕೊಡಲು ಮಗಳ ಮನೆಗೆ ಹೊರಟರು. ಐ-94 ಹೆದ್ದಾರಿಯಲ್ಲಿ ಕಲಮಜೂ ಊರು ದಾಟಿದ ಮೇಲೆ ರಸ್ತೆ ಬಿಡುವಾಗಿತ್ತು. ವೇಗವನ್ನು ಟ್ರಕ್ಕೇ ನೋಡಿಕೊಳ್ಳುವ ಕ್ರೂಸನ್ನು ಎಪ್ಪತ್ತು ಮೈಲಿಗೆ ಇಟ್ಟು, ಕಾಲು ಹಗುರ ಮಾಡಿಕೊಂಡು, ಪಕ್ಕದಲ್ಲಿ ಕೂತ ಜಯದೇವಿಯವರ ಮಾತು ಕೇಳುತ್ತಿದ್ದರು. ಮುಂದೆ ಬೆನ್ನಿಗೆ ಸೈಕಲ್ಲು ಕಟ್ಟಿಕೊಂಡ ಒಂದು ವ್ಯಾನು ರಸ್ತೆ ಕೆಲಸದ ಬೋರ್ಡು ಕಂಡು ವೇಗ ತಗ್ಗಿಸಿತು. ಟ್ರಕ್ಕೂ ತಗ್ಗಿಸಬೇಕಿತ್ತು. ತಗ್ಗಿಸಲಿಲ್ಲ. ಇನ್ನೇನು ತಗ್ಗಿಸುತ್ತದೆ ಎಂದು ಒಂದು ಉಸಿರು ಕಾದರು. ಸೈಕಲ್ಲಿನ ಪೆಡಲು ಸ್ಪಷ್ಟವಾಗಿ ಕಂಡಿತು. ಕಾಲಿನಿಂದ ಬ್ರೇಕ್ ಅದುಮಿದರು. ರೊಟ್ಟಿಯ ಡಬ್ಬಿ ಜಯದೇವಿಯವರ ಮಡಿಲಿನಿಂದ ಹಾರಿ ಕೆಳಗೆ ಬಿತ್ತು.

“ಏನ್ರೀ ಇದು, ಟಾಂಗಾ ಹೊಡದಂಗ?”

ರೇವಣಪ್ಪನವರ ಕಣ್ಣು ಪರದೆಯ ಮೇಲಿತ್ತು. ಅಲ್ಲಿ ಎಚ್ಚರಿಕೆಯ ಒಂದು ಅಕ್ಷರವೂ ಇರಲಿಲ್ಲ. ಎಲ್ಲ ಸರಿಯಿದೆ ಎಂದು ಹಸಿರು ದೀಪ ಉರಿಯುತ್ತಲೇ ಇತ್ತು.

ಮುಂದಿನ ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿ ಇಳಿದು ಮುಂದೆ ಬಂದರು. ನೋಡಿದ ಕೂಡಲೇ ತಿಳಿಯಿತು. ನೀರು ತುಂಬಿದ ಹೂ ರೇಡಾರಿನ ಅಲೆಯನ್ನು ಹೀರುತ್ತದೆ, ಜರಿ ಅದನ್ನು ಹಿಂದಕ್ಕೆ ಎಸೆಯುತ್ತದೆ. ಕಾಲೇಜಿನ ಮೊದಲ ವರ್ಷದ ಪಾಠ. ಹಾರ ಬಿಚ್ಚತೊಡಗಿದರೆ ಜಯದೇವಿಯವರು ಬಾಗಿಲು ತೆರೆದು, ಹಬ್ಬಕ್ಕೆ ಹಾಕಿದ ಹಾರ ಹಬ್ಬ ಮುಗಿಯುವ ಮೊದಲೇ ಯಾರಾದರೂ ತೆಗೆಯುತ್ತಾರೆಯೇ ಎಂದು ತಡೆದರು. ಕಾರಣ ಹೇಳಿದ ಮೇಲೆ ಹಾರವನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. ಹಾರವಿಲ್ಲದ ಟ್ರಕ್ಕು ಅಲ್ಲಿಂದ ನೇಪರ್‌ವಿಲ್‌ವರೆಗೆ ಮುಂದಿನ ವಾಹನ ತಗ್ಗಿದಾಗಲೆಲ್ಲ ತಾನೂ ತಗ್ಗಿತು, ಕಲಿತ ಕುದುರೆಯ ಹಾಗೆ. ಇಂಡಿಯಾನಾ ರಾಜ್ಯ ಬರುವಷ್ಟರಲ್ಲಿ ಜಯದೇವಿಯವರು ಮೆಲ್ಲಗೆ ಕೇಳಿದರು.

“ತಪ್ಪು ನಂದ ಆತಲ್ರಿ?”

“ನಿಂದಲ್ಲ,” ಎಂದರು ರೇವಣಪ್ಪ. “ಕಣ್ಣು ಮುಚ್ಚೂದು ತಪ್ಪಲ್ಲ. ಹಿಮ ಬಿದ್ರೂ ಮುಚ್ಚತೈತಿ, ರಾಡಿ ಸಿಡಿದ್ರೂ ಮುಚ್ಚತೈತಿ. ಮುಚ್ಚೇತಿ ಅಂತ ಹೇಳಲಿಲ್ಲಲ್ಲ, ಅದು ತಪ್ಪು.”

ಹಾಗೆ ಹೇಳಿದ ಮೇಲೆ ಅವರಿಗೇ ತಮ್ಮ ಮುಂದಿರುವುದು ಏನೆಂದು ಸ್ಪಷ್ಟವಾಯಿತು. ಬರುವ ಶುಕ್ರವಾರ ಸಹಿ. ಸಹಿಯಾದರೆ ಕಾರ್ಖಾನೆ ಓಡತೊಡಗುತ್ತದೆ, ತಾನು ಕುರುಡಾದದ್ದು ತನಗೇ ತಿಳಿಯದ ಸಾವಿರಾರು ಟ್ರಕ್ಕುಗಳು ರಸ್ತೆಗೆ ಬರುತ್ತವೆ. ಸಹಿ ಮಾಡದಿದ್ದರೆ ಕಾರಣ ಹೇಳಬೇಕು, ಕಾರಣ ಒಂದು ಹೂವಿನ ಹಾರ. ಮಗಳಿಗೆ ಬನ್ನಿ ಎಲೆಯ ಬದಲು ತಂದ ಹಿತ್ತಲಿನ ಮೇಪಲ್ ಎಲೆ ಕೊಟ್ಟು, ಊಟಕ್ಕೆ ಕೂತಾಗ ಇದನ್ನು ಹೇಳಿದರು. ಆಫೀಸಿನಲ್ಲಿ ನಗುತ್ತಾರೇನೋ ಎಂದೂ ಸೇರಿಸಿದರು.

“ಸೋ? ಲೆಟ್ ದೆಮ್ ಲಾಫ್, ಅಪ್ಪಾ,” ಎಂದಳು ಮೇಧಾ, ತಟ್ಟೆಯಿಂದ ಕಣ್ಣೆತ್ತದೆ.

ಸೋಮವಾರ ಮೊದಲು ತಿರುಮಲೇಶನನ್ನು ಕರೆದರು. ಮೈಸೂರಿನವನು, ರೇಡಾರಿನ ಪ್ರೋಗ್ರಾಮ್ ಬರೆಯುವ ತಂಡದ ಮುಖ್ಯಸ್ಥ, ಕೆಲಸ ಬಲ್ಲವನು. ಟ್ರ್ಯಾಕಿನಲ್ಲಿ ಹಾರ ಕಟ್ಟಿ ಓಡಿಸಿದರು, ಬಿಚ್ಚಿ ಓಡಿಸಿದರು, ಜರಿ ಕಿತ್ತು ಹೂ ಮಾತ್ರ ಕಟ್ಟಿ ಓಡಿಸಿದರು. ಬರಿಯ ಹೂವಿದ್ದಾಗ ಟ್ರಕ್ಕು ‘ನನಗೆ ಕಾಣುತ್ತಿಲ್ಲ’ ಎಂದು ಪರದೆಯಲ್ಲಿ ಹೇಳಿ ಕ್ರೂಸ್ ಬಿಟ್ಟುಕೊಟ್ಟಿತು. ಜರಿ ಇದ್ದಾಗಲೇ ತಕರಾರು. ಸಂಜೆಯ ಹೊತ್ತಿಗೆ ಕಾರಣ ಸಿಕ್ಕಿತು. ಏನೂ ಮರಳಿ ಬಾರದಿದ್ದರೆ ಮಾತ್ರ ಕಣ್ಣು ಮುಚ್ಚಿದೆ ಎಂದು ತಿಳಿಯುವಂತೆ ಪ್ರೋಗ್ರಾಮ್ ಬರೆದಿದ್ದರು. ಜರಿಯಿಂದ ಅಲೆ ಮರಳಿ ಬರುತ್ತಲೇ ಇತ್ತು. ರೇಡಾರ್ ತನ್ನ ಮೂಗಿನ ತುದಿಯ ಜರಿಯನ್ನೇ ನೋಡುತ್ತ ಲೋಕವೆಲ್ಲ ಕಾಣುತ್ತಿದೆ ಎಂದುಕೊಂಡಿತ್ತು. ಗಾಜಿನ ಹಿಂದಿನ ಕ್ಯಾಮೆರಾಗೆ ಎದುರಿನ ಕಾರು ಕಂಡರೂ, ದೂರದ ವಿಷಯದಲ್ಲಿ ರೇಡಾರಿನ ಮಾತೇ ಕೊನೆಯದು ಎಂದು ಇವರೇ ಅದಕ್ಕೆ ಹೇಳಿಕೊಟ್ಟಿದ್ದರು.

ತಿರುಮಲೇಶ ಹಣೆ ಒರೆಸಿಕೊಂಡ. “ಸರ್, ಇದು ತೀರಾ ರೇರ್ ಅಲ್ವಾ? ನೀವು ಶುಕ್ರವಾರ ಸೈನ್ ಮಾಡ್ಬಿಡಿ. ನೆಕ್ಸ್ಟ್ ಅಪ್‌ಡೇಟಲ್ಲಿ ನಾನೇ ಕೂತು ಸರಿ ಮಾಡ್ತೀನಿ. ಪ್ರಾಮಿಸ್.”

“ಅಪ್‌ಡೇಟ್ ಬರೂತನಕ ಓಡಸಾವ್ರು ಏನ್ ಮಾಡಬೇಕಪಾ?”

ತಿರುಮಲೇಶನದು ಕಳ್ಳಮನಸ್ಸಲ್ಲ, ದಿನಾಂಕದ ಭಯ. ಅದು ರೇವಣಪ್ಪನವರಿಗೂ ಗೊತ್ತಿತ್ತು. ಇಬ್ಬರೂ ಒಟ್ಟಿಗೆ ಹೋಗಿ ಗ್ಯಾರಿ ನೊವಾಕ್‌ಗೆ ತಿಳಿಸಿದರು. ನೊವಾಕ್ ಆ ಟ್ರಕ್ಕಿನ ಹೊಣೆ ಹೊತ್ತ ಅಧಿಕಾರಿ, ಡೆಟ್ರಾಯಿಟ್‌ನಲ್ಲೇ ಹುಟ್ಟಿ ಬೆಳೆದವನು, ರೇವಣಪ್ಪನವರ ಜೊತೆಗೇ ಮರಳಿನ ಚೀಲ ಹೊತ್ತು ಮೇಲೆ ಬಂದವನು. ಆಫೀಸಿನ ಎಲ್ಲರ ಹಾಗೆ ಅವನೂ ಅವರನ್ನು ‘ರೆವ್’ ಎನ್ನುತ್ತಿದ್ದ. ಕೇಳಿ ಮೊದಲು ನಕ್ಕ, ಕೆಟ್ಟ ನಗೆಯಲ್ಲ. ಆಮೇಲೆ ಗಂಭೀರನಾಗಿ, ಟೆಕ್ಸಸ್‌ನಲ್ಲಿ ಟ್ರಕ್ಕು ಕೊಳ್ಳುವವನು ಅದಕ್ಕೆ ಚೆಂಡುಹೂವಿನ ಹಾರ ಹಾಕುವುದನ್ನು ನೀನು ಎಂದಾದರೂ ಕಂಡಿದ್ದೀಯಾ, ರೆವ್, ಎಂದು ಕೇಳಿದ. ಕಂಡಿರಲಿಲ್ಲ. ಶುಕ್ರವಾರ ಶುಕ್ರವಾರವೇ ಎಂದು ನೊವಾಕ್ ಕಡತ ಮುಚ್ಚಿದ.

ರೇವಣಪ್ಪನವರು ಬೇಸರ ಮಾಡಿಕೊಳ್ಳಲಿಲ್ಲ. ನೊವಾಕ್ ಕೇಳಿದ್ದು ಸರಿಯಾದ ಪ್ರಶ್ನೆ. ತಮ್ಮ ಬಳಿ ಇನ್ನೂ ಉತ್ತರವಿಲ್ಲ, ಅಷ್ಟೇ. ಸಹಿ ಮಾಡುವುದಿಲ್ಲ ಎಂಬುದು ಅವರೊಳಗೆ ಆಗಲೇ ತೀರ್ಮಾನವಾಗಿತ್ತು. ಆದರೆ ಬರಿದೆ ಸಹಿ ಮಾಡದಿದ್ದರೆ ಬೇರೆ ಯಾರೋ ಮಾಡುತ್ತಾರೆ, ಟ್ರಕ್ಕು ಹೇಗಿದೆಯೋ ಹಾಗೇ ಹೋಗುತ್ತದೆ. ನೊವಾಕ್ ಒಪ್ಪಬೇಕು.

ಉತ್ತರ ಸಿಕ್ಕಿದ್ದು ಮರುದಿನ ಸಂಜೆ, ಜಯದೇವಿಯವರು ಕಸೂತಿಯ ದಾರಕ್ಕೆಂದು ಅವರನ್ನು ಕರೆದೊಯ್ದ ಕರಕುಶಲ ಸಾಮಾನಿನ ಅಂಗಡಿಯಲ್ಲಿ. ಇನ್ನೂ ಅಕ್ಟೋಬರು, ಆದರೆ ಆ ಅಂಗಡಿಗೆ ಕ್ರಿಸ್ಮಸ್ ಆಗಲೇ ಬಂದಿತ್ತು. ಗೋಡೆಯ ತುಂಬ ಹಸಿರೆಲೆಯ ದುಂಡು ಹಾರಗಳು, ಬಾಗಿಲಿಗೆ ತೂಗುಹಾಕುವಂಥವು. ಕೆಳಗಿನ ಸಾಲಿನಲ್ಲಿ ಒಂದು ಬಗೆಗೆ ಹಿಂಬದಿಯಲ್ಲಿ ಪಟ್ಟಿ, ಕೊಕ್ಕೆ ಇತ್ತು. ಡಬ್ಬಿಯ ಮೇಲೆ ಚಿತ್ರ: ಹಿಮದಲ್ಲಿ ನಿಂತ ಒಂದು ಕೆಂಪು ಪಿಕಪ್, ಅದರ ಮುಖದ ನಡುವೆ ಹಸಿರು ಹಾರ, ಬೆಳ್ಳಿಯ ಜರಿ, ಕೆಂಪು ರಿಬ್ಬನ್ನು. ರೇವಣಪ್ಪನವರು ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಪ್ರತಿ ಡಿಸೆಂಬರಿನಲ್ಲಿಯೂ ಕಂಪನಿಯ ಪಾರ್ಕಿಂಗಿನಲ್ಲಿ ಇಂಥವನ್ನು ಸಾಲುಸಾಲಾಗಿ ನೋಡಿದ್ದರು. ನೋಡಿ ನೋಡಿ ಕಾಣದಂತಾಗಿತ್ತು.

ಬುಧವಾರ ಬೆಳಿಗ್ಗೆ ನೊವಾಕ್‌ನನ್ನು ಟ್ರ್ಯಾಕಿಗೆ ಕರೆದರು. ವಾದ ಮಾಡಲಿಲ್ಲ, ಪಕ್ಕದ ಸೀಟಿನಲ್ಲಿ ಕೂರು ಎಂದರಷ್ಟೇ. ಕ್ರಿಸ್ಮಸ್ ಹಾರವನ್ನು ತಮಗೆ ಅನುಕೂಲವಾಗುವಂತೆ ಕಟ್ಟಿದರೆ ಪರೀಕ್ಷೆ ಸುಳ್ಳಾಗುತ್ತದೆಂದು, ಡಬ್ಬಿಯ ಚಿತ್ರದಲ್ಲಿ ಇದ್ದಂತೆಯೇ, ಮೇಲಿನ ಕಂಬಿಗೇ ಕೊಕ್ಕೆ ಸಿಕ್ಕಿಸಿದ್ದರು. ದುಂಡು ಹಾರದ ದಪ್ಪನೆಯ ತಳ ಸರಿಯಾಗಿ ಲಾಂಛನದ ಮೇಲೆ ಬಿತ್ತು. ಮುಂದೆ ದಾರಿಯಲ್ಲಿ ಸ್ಪಂಜು ತುಂಬಿದ ನಕಲಿ ಕಾರೊಂದರ ಹಿಂಭಾಗ ನಿಂತಿತ್ತು. ಗುದ್ದಿದರೆ ಬಿಚ್ಚಿಕೊಂಡು ಬೀಳುತ್ತದೆ, ಯಾರಿಗೂ ಪೆಟ್ಟಾಗುವುದಿಲ್ಲ. ರೇವಣಪ್ಪನವರು ಮೂವತ್ತು ಮೈಲಿಗೆ ಕ್ರೂಸ್ ಇಟ್ಟು ಎರಡೂ ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡರು.

ನಕಲಿ ಕಾರು ದೊಡ್ಡದಾಗುತ್ತ ಬಂತು. ಹಸಿರು ದೀಪ ಉರಿಯುತ್ತಿತ್ತು. ನೊವಾಕ್‌ನ ಬಲಗಾಲು ಇಲ್ಲದ ಬ್ರೇಕನ್ನು ನೆಲದಲ್ಲಿ ಹುಡುಕಿತು. ಟ್ರಕ್ಕು ತಗ್ಗದೆ, ತಡವರಿಸದೆ, ನೇರವಾಗಿ ಅದರ ಮೂಲಕ ಹಾದುಹೋಯಿತು. ಸ್ಪಂಜಿನ ತುಂಡುಗಳು ಗಾಜಿನ ಮೇಲಿನಿಂದ ಹಾರಿ ಹಿಂದಿನ ಪೆಟ್ಟಿಗೆಯಲ್ಲಿ ಬಿದ್ದವು.

ನೊವಾಕ್ ಇಳಿದು ಮುಂದೆ ಹೋಗಿ, ಹರಿದು ನೇತಾಡುತ್ತಿದ್ದ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡ. ನನ್ನ ಹೆಂಡತಿಯೂ ಪ್ರತಿವರ್ಷ ನನ್ನ ಟ್ರಕ್ಕಿಗೆ ಇಂಥದನ್ನೇ ಕಟ್ಟುತ್ತಾಳೆ, ಕಟ್ಟಿಕೊಂಡೇ ಮೊಮ್ಮಕ್ಕಳನ್ನು ಕರೆತರಲು ಹೋಗುತ್ತೇವೆ ಎಂದ. ನೊವಾಕ್ ಅಲ್ಲಿಯೇ ನಿಂತು ಫೋನು ತೆಗೆದು, ಶುಕ್ರವಾರದ ಸಹಿ ಇಲ್ಲ, ಕಾರ್ಖಾನೆಗೆ ತಿಳಿಸಿ, ಕಾರಣ ನಾನೇ ಬಂದು ಹೇಳುತ್ತೇನೆ ಎಂದು ಮೇಲಿನವರಿಗೆ ಹೇಳಿದ.

ಆ ಚಳಿಗಾಲವೆಲ್ಲ ತಿರುಮಲೇಶನ ತಂಡ ಹೊಸ ಪ್ರೋಗ್ರಾಮ್ ಬರೆಯಿತು. ರೇಡಾರಿಗೂ ಕ್ಯಾಮೆರಾಗೂ ಮಾತು ಹೊಂದದಿದ್ದರೆ ಯಾರ ಮಾತನ್ನೂ ನಂಬದೆ ಚಾಲಕನಿಗೆ ಹೇಳಿಬಿಡಬೇಕು. ಮೂಗಿನ ತುದಿಯಿಂದ ಬಂದ ಅಲೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಡಿಸೆಂಬರಿಗೆ ಆಗಬೇಕಿದ್ದ ನಿವೃತ್ತಿಯನ್ನು ರೇವಣಪ್ಪನವರು ಯಾರೂ ಕೇಳುವ ಮೊದಲೇ ಮುಂದಕ್ಕೆ ಹಾಕಿದರು. ಹಿಮ, ರಾಡಿ, ಜರಿ, ರಿಬ್ಬನ್ನು, ಎಲ್ಲವನ್ನೂ ಒಂದೊಂದಾಗಿ, ಆಮೇಲೆ ಕೂಡಿಸಿ ಕಟ್ಟಿ ಓಡಿಸಿದರು. ಜಯದೇವಿಯವರು ಬಗೆಬಗೆಯ ಹಾರ ಕಟ್ಟಿ ಕಳಿಸಿದರು. ಟ್ರ್ಯಾಕಿನ ಹುಡುಗರು ಪರೀಕ್ಷೆ ಮುಗಿದ ಮೇಲೆ ಸೇವಂತಿಗೆಯದನ್ನು ಹೆಲ್ಮೆಟ್ಟಿಗೆ ಸುತ್ತಿಕೊಂಡು ತಿರುಗಿದರು. ಮಾರ್ಚಿನ ಹೊತ್ತಿಗೆ ಯಾವುದನ್ನು ಕಟ್ಟಿದರೂ ಟ್ರಕ್ಕು ಮೊದಲ ಮೈಲಿಯಲ್ಲೇ ಪರದೆಯ ಮೇಲೆ ‘ಮುಂದಿನದು ಕಾಣುತ್ತಿಲ್ಲ, ನೀವೇ ನೋಡಿ ಓಡಿಸಿ’ ಎಂಬರ್ಥದ ಮಾತು ಬರೆದು ಹಿಂದೆ ಸರಿಯುತ್ತಿತ್ತು. ರೇವಣಪ್ಪನವರು ಸಹಿ ಮಾಡಿದರು.

ಒಂದು ಚಿಕ್ಕ ಚರ್ಚೆ ಉಳಿದಿತ್ತು. ಕೊಂಡವರ ಕೈಗೆ ಕೊಡುವ ಕೈಪಿಡಿಯಲ್ಲಿ, ಓಡಿಸುವ ಮುನ್ನ ಲಾಂಛನದ ಮೇಲಿನ ಕ್ರಿಸ್ಮಸ್ ಹಾರವನ್ನು ತೆಗೆಯಿರಿ ಎಂದು ಬರೆದಿದ್ದರು. ರೇವಣಪ್ಪನವರು ಅದರ ಪಕ್ಕ ‘ಹೂವಿನ ಹಾರ’ ಎಂದೂ ಸೇರಿಸಿ ಎಂದರು. ನೊವಾಕ್ ಮರುಮಾತಿಲ್ಲದೆ ಸೇರಿಸಿದ.

ಮುಂದಿನ ದಸರೆಗೆ ಅವರು ನಿವೃತ್ತರು. ಅಂಗಳದಲ್ಲಿ ಅದೇ ಮಾದರಿಯ ಟ್ರಕ್ಕು, ಈ ಸಲ ಸ್ವಂತದ್ದು. ಜಯದೇವಿಯವರು ಹಾರ ಹಿಡಿದು ಬಂದು, ಮುಂದೆ ಕಟ್ಟುವಂತಿಲ್ಲವಾದರೆ ಹಿಂದೆ ಕಟ್ಟುತ್ತೇನೆ ಎಂದರು. ಹಿಂದಿನ ಬಾಗಿಲಿನ ಹಿಡಿಯ ಬಳಿ ಕ್ಯಾಮೆರಾ ಇದೆ. ಹಾಗಾದರೆ ಪಕ್ಕದ ಕನ್ನಡಿಗೆ? ಅದರ ಕೆಳಗೂ ಒಂದು ಇದೆ. ಹಿಂದಿನ ಮೂಲೆಗಳಲ್ಲಿ ಚಿಕ್ಕ ರೇಡಾರುಗಳು. ರೇವಣಪ್ಪನವರು ಟ್ರಕ್ಕಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು, ಕಣ್ಣಿಲ್ಲದ ಜಾಗ ಹುಡುಕುತ್ತ. ಕೊನೆಗೆ ಪೆಟ್ಟಿಗೆಯೊಳಗೆ ಇಣುಕಿ, ಸಾಮಾನು ಬಿಗಿಯಲು ಇರುವ ಉಕ್ಕಿನ ಬಳೆಗಳನ್ನು ತೋರಿಸಿದರು.

“ಇಲ್ಲಿ ಕಟ್ಟು. ಇದು ಹಿಂದ ಹೆಂಗಿತ್ತೋ ಇವತ್ತೂ ಹಂಗ ಐತಿ.”

“ಅಲ್ಲಿ ಯಾರಿಗೆ ಕಾಣತೈತ್ರಿ?”

“ಸಾಮಾನು ಏರಿಸಿ ಇಳಸಾವ್ರಿಗೆ.”

ಜಯದೇವಿಯವರು ಪೆಟ್ಟಿಗೆಯ ಗೋಡೆಯ ಮೇಲಿನಿಂದ ಕೈಚಾಚಿ ನೋಡಿದರು. ಬೆರಳ ತುದಿಗೂ ಬಳೆ ಸಿಗಲಿಲ್ಲ. ಹಾರವನ್ನು ಗಂಡನ ಕೊರಳಿಗೆ ಹಾಕಿ ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

“ಇಷ್ಟೆತ್ತರ ಮಾಡಿದಾವ್ರು ನೀವ ಅಲ್ಲೇನ್ರಿ, ನೀವ ಹತ್ರಿ.”